ಶೇಗಡಿಗೆ ಕೂರಿಸಿದ ಗಾಜಿನ ಕಡ್ಡಿ

ಮೊದಲ ತೂತು ತೀರ ಕೆಳಗಾಯಿತು. ಅಪ್ಪನ ಅಂಗಡಿಯಿಂದ ತಂದ ಖಾಲಿ ಎಣ್ಣೆ ಡಬ್ಬಿಯನ್ನು ಹಿತ್ತಿಲ ಕಲ್ಲಿನ ಮೇಲಿಟ್ಟು ಮೊಳೆಯಿಂದ ಹೊಡೆದಿದ್ದೆ. ಅದರಲ್ಲಿ ಥರ್ಮಾಮೀಟರು ತೂರಿಸಿ, ಡಬ್ಬಿಯನ್ನು ಇದ್ದಿಲು ಉರಿಸುವ ಶೇಗಡಿಯ ಮೇಲೆ ಬೋರಲು ಹಾಕಿದಾಗ ಗಾಜಿನ ತುದಿ ಕೆಂಡಕ್ಕೆ ಮುತ್ತು ಕೊಡುವಷ್ಟು ಹತ್ತಿರ ಬಂತು. ಪಾದರಸ ಏರಿದ ರಭಸಕ್ಕೆ ಹೆದರಿ ಎಳೆದುಬಿಟ್ಟೆ. ನನಗೆ ಬೇಕಾಗಿದ್ದುದು ಕೆಂಡದ ಬಿಸಿಯಲ್ಲ, ಅದರ ಕಬ್ಬಿಣದ ಜಾಳಿಗೆಯ ಮೇಲೆ ಬೇಯುವ ರೊಟ್ಟಿಯ ಸುತ್ತಲಿನ ಬಿಸಿ.

ಪಡಸಾಲೆಯ ಹೊರಸಿನ ಮೇಲೆ ಮಲಗಿದ್ದ ಅತ್ತೆ ಇದನ್ನೆಲ್ಲ ನೋಡುತ್ತಿದ್ದಳು.

"ಬಿ.ಎಸ್ಸಿ. ಕಲ್ತು ಬಂದು ಡಬ್ಬಿಗಿ ತೂತ ಹಾಕ್ಲತ್ತಿದಿ," ಅಂದಳು. "ಇದು ನಮ್ಮ ಮನ್ಯಾಗಿನ ಇಲಿಗಿ ಕಲೀಲಾರದೇ ಬರ್ತದ, ತಾಯಿ."

ನಾನು ನಕ್ಕು ಮತ್ತೆ ಮೊಳೆ ಎತ್ತಿಕೊಂಡೆ. ಉತ್ತರಗಳು ನನಗೆ ತಡವಾಗಿ ಹೊಳೆಯುತ್ತವೆ. ದಿನಚರಿ ಬರೆಯಲು ಕೂತಾಗ ಒಂದರ ಹಿಂದೊಂದು ಬರುತ್ತವೆ. ಆಗ ಕೇಳುವವರು ಯಾರೂ ಇರುವುದಿಲ್ಲ.

ಹೈದರಾಬಾದ್ ರಾಜ್ಯ ಒಡೆದು ಉದಗೀರ ಮುಂಬೈ ರಾಜ್ಯಕ್ಕೆ ಸೇರಿದ ಮರುವರ್ಷದ ಮಾತು ಇದು. ಹೈದರಾಬಾದಿನ ಕಾಲೇಜಿನ ಗೆಳತಿಯರಲ್ಲಿ ಒಬ್ಬಳು ವರಂಗಲ್ಲಿಗೆ, ಇನ್ನೊಬ್ಬಳು ರಾಯಚೂರಿಗೆ ಹೋಗಿ, ಮೂವರೂ ಮೂರು ರಾಜ್ಯದವರಾಗಿದ್ದೆವು. ಇಲ್ಲಿನ ಶಾಲೆಯಲ್ಲಿ ಕೆಲಸ ಕೇಳಿದರೆ ಮರಾಠಿಯಲ್ಲಿ ವಿಜ್ಞಾನ ಕಲಿಸಬಲ್ಲಿರಾ ಎಂದು ಕೇಳಿದರು. ಮರಾಠಿಯಲ್ಲಿ ನನಗೆ ಬರುತ್ತಿದ್ದುದು ತರಕಾರಿ ಕೊಳ್ಳುವಷ್ಟು. ಮನೆಗೆ ಮರಳಿ ಬಂದೆ. ಅಪ್ಪ, ಜಗದೇವಪ್ಪ ಶೆಟ್ಟರು, ಬೆಳಗ್ಗೆ ಕಿರಾಣಿ ಅಂಗಡಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವರು. ಬಂದರೂ ಮಾತು ಅಂಗಡಿಯಲ್ಲೇ ಖರ್ಚಾಗಿರುತ್ತಿತ್ತು. ಹೀಗಾಗಿ ಇಡೀ ಮನೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದುದು ಅತ್ತೆಯೊಬ್ಬಳೇ.

ಅತ್ತೆ ಎಂದರೆ ಅಪ್ಪನ ಅಕ್ಕ ಭಾಗೀರಥಿಬಾಯಿ. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡು ಕಾಸಾರಶಿರಸಿಯಿಂದ ತವರಿಗೆ ಬಂದವಳು. ನನ್ನ ಅವ್ವ ಹೋದಾಗ ನಾನು ತೊಟ್ಟಿಲಲ್ಲಿದ್ದೆನಂತೆ. ಅಲ್ಲಿಂದ ನನ್ನನ್ನು ಎತ್ತಿದ ಕೈ ಅವಳದೇ.

ಆ ವರ್ಷ ಅವಳ ಹಲ್ಲುಗಳೆಲ್ಲ ಹೋದವು. ಜೋಳದ ರೊಟ್ಟಿ ಬಿಟ್ಟು ಅಂಬಲಿಗೆ ಬಂದಳು. ಕೆಲವು ತಿಂಗಳಾದ ಮೇಲೆ ಅಂಬಲಿ ಕಂಡರೆ ಮುಖ ತಿರುಗಿಸತೊಡಗಿದಳು. ಕುಡಿದು ಕುಡಿದು ನಾನೇ ಅಂಬಲಿ ಆಗೀನಿ ಅನ್ನುತ್ತಿದ್ದಳು. ಬಾಯಲ್ಲಿ ಏನಾದರೂ ಆಡಿಸಬೇಕು, ಅಗಿದಂತೆ ಆಗಬೇಕು ಎಂಬುದೇ ಅವಳ ಆಸೆ. ಕೈಯ ಬೆಳ್ಳಿ ಕಡಗ ಮೊಣಕೈವರೆಗೆ ಜಾರುವಂತಾದಾಗ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಅವಳನ್ನು ನೋಡುವಾಗ ನಾನು ಹೊರಗೆ ಚೀಟಿ ಬರೆಸುತ್ತಿದ್ದೆ. ರೋಗವೇನಿಲ್ಲ, ಹೊಟ್ಟೆಗೆ ಬೀಳುತ್ತಿಲ್ಲ, ಡಬಲ್ ರೊಟ್ಟಿ ಹಾಲಲ್ಲಿ ನೆನೆಸಿ ಕೊಡಿ, ಇಲ್ಲದಿದ್ದರೆ ಈ ಚಳಿ ದಾಟುವುದು ಕಷ್ಟ ಎಂದರು ಡಾಕ್ಟರು. ಮನೆಗೆ ಬಂದವಳೇ ಅತ್ತೆ ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದಳು, ಮತ್ತೆ ಮತ್ತೆ. ಅಲ್ಲಿ ಕುಡಿಸಿದ ಔಷಧದ ಕಹಿ ಎಂದುಕೊಂಡೆ.

ಬಜಾರಿನ ಬೇಕರಿಯಲ್ಲಿ ಡಬಲ್ ರೊಟ್ಟಿ ಸಿಗುತ್ತಿತ್ತು. ಆದರೆ ಅತ್ತೆ ಉಣ್ಣುವ ಮುಂಚೆ ಕೊರಳಿನ ಲಿಂಗವನ್ನು ಅಂಗೈಗೆ ತೆಗೆದುಕೊಂಡು, ತಟ್ಟೆಯಲ್ಲಿರುವುದನ್ನು ಅದಕ್ಕೆ ಅರ್ಪಿಸಿ, ಪ್ರಸಾದವೆಂದೇ ಬಾಯಿಗಿಡುವವಳು. ಹೊರಗಿನವರು ಬೇಯಿಸಿದ್ದು ಆ ಅಂಗೈಯ ಹತ್ತಿರ ಬರುವಂತಿರಲಿಲ್ಲ. ಮನೆಯಲ್ಲೇ ಮಾಡಬೇಕಾಯಿತು.

ಹುಳಿ ಮಜ್ಜಿಗೆಗೆ ಸೋಡಾ ಹಾಕಿ ಗೋಧಿ ಹಿಟ್ಟು ಕಲಸಿದೆ. ಹಿತ್ತಾಳೆ ಡಬ್ಬಿಗೆ ತುಪ್ಪ ಸವರಿ, ಹಿಟ್ಟು ತುಂಬಿ, ಶೇಗಡಿಯ ಮೇಲಿಟ್ಟು ಎಣ್ಣೆ ಡಬ್ಬಿ ಕವುಚಿದೆ. ಒಂದು ದಿನ ಹೊರಗೆ ಕರಕಲು, ಒಳಗೆ ಹಸಿ. ಮರುದಿನ ಬೂದಿ ಮುಚ್ಚಿ ಬೆಂಕಿ ತಗ್ಗಿಸಿದರೆ ಉಬ್ಬದೆ ಕಲ್ಲಾಯಿತು. ಒಳಗಿನ ಬಿಸಿ ಕಾಣದೆ ಕೆಲಸ ಸಾಗದು ಅನ್ನಿಸಿದಾಗ ಟ್ರಂಕಿನ ತಳದಲ್ಲಿದ್ದ ಥರ್ಮಾಮೀಟರಿನ ನೆನಪಾಯಿತು. ಕಾಲೇಜು ಬಿಡುವಾಗ ಪ್ರಯೋಗಶಾಲೆಯ ಮೇಡಂ ಕೊಟ್ಟ ಹಳೆಯದು, ಗೇಣಿಗಿಂತ ಉದ್ದ. ಹತ್ತಿಯಲ್ಲಿ ಸುತ್ತಿಟ್ಟಿದ್ದೆ; ಆ ಊರಿಂದ ಬೇರೇನೂ ತಂದಿರಲಿಲ್ಲ.

ಎರಡನೆಯ ತೂತನ್ನು ಹಿತ್ತಾಳೆ ಡಬ್ಬಿಯ ಬಾಯಿಯ ಎತ್ತರಕ್ಕೆ ಸರಿಯಾಗಿ ಹಾಕಿದೆ. ಕಡ್ಡಿ ತಗಡಿಗೆ ತಾಗಿದರೆ ತಗಡಿನ ಬಿಸಿಯನ್ನೇ ತೋರಿಸುತ್ತದೆ. ಆದ್ದರಿಂದ ತೂತನ್ನು ಸ್ವಲ್ಪ ಅಗಲ ಮಾಡಿ, ಕಡ್ಡಿಗೆ ಬಿರಡೆ ಸಿಕ್ಕಿಸಿ ಕೂರಿಸಿದೆ. ಬಿರಡೆ ಸುಟ್ಟು ಮನೆಯೆಲ್ಲ ಹೊಗೆ ನಾತ. ಬಿರಡೆ ತೆಗೆದು, ಜೇಡಿಮಣ್ಣಿಗೆ ಹೊಟ್ಟು ಕಲಸಿ ಮೆತ್ತಿ ಒಣಗಿಸಿದೆ. ಅದು ನಿಂತಿತು. ಕೆಳಗಿನ ತೂತನ್ನು ಮುಚ್ಚಲಿಲ್ಲ. ಬಿಸಿ ಇಳಿದರೆ ತೆರೆದು ಗಾಳಿ ಬಿಡುವುದು, ಏರಿದರೆ ಮಣ್ಣಿನ ಉಂಡೆ ಒತ್ತುವುದು. ಪಾದರಸ ಇನ್ನೂರರ ಗೆರೆಯ ಹತ್ತಿರ ನಿಂತಿರುವಂತೆ ಕಾಯುತ್ತ, ಹಿತ್ತಿಲಲ್ಲಿ ಒಬ್ಬಳೇ ಕೂತಿರುತ್ತಿದ್ದೆ. ಯಾರೋ ಜೊತೆಗಿದ್ದಾರೆ ಅನ್ನಿಸುತ್ತಿತ್ತು.

ಕೊನೆಗೆ ರೊಟ್ಟಿ ಉಬ್ಬಿ, ಬೆಲ್ಲದ ಬಣ್ಣಕ್ಕೆ ತಿರುಗಿ ಹೊರಬಂತು. ಬೆರಳಿಂದ ಒತ್ತಿದರೆ ಒಳಗೆ ಹೋಗಿ ಮತ್ತೆ ಮೇಲೇಳುವಷ್ಟು ಮೆತ್ತಗೆ. ಬಿಸಿ ಹಾಲಲ್ಲಿ ನೆನೆಸಿ ಅತ್ತೆಯ ಮುಂದಿಟ್ಟೆ. ಅವಳು ಲಿಂಗವನ್ನು ಅಂಗೈಗೆ ತೆಗೆದುಕೊಂಡಳು. ಬಟ್ಟಲನ್ನೂ ಹಿತ್ತಿಲ ಬಾಗಿಲನ್ನೂ ನೋಡಿ, ಲಿಂಗವನ್ನು ಮತ್ತೆ ಸೆರಗಿನೊಳಗೆ ಇಳಿಬಿಟ್ಟಳು. ಹಸಿವಿಲ್ಲ ಎಂದು ಗೋಡೆಯ ಕಡೆ ಹೊರಳಿದಳು.

ಮರುದಿನವೂ ಹಾಗೆಯೇ. ಬಿಸಿ ಹೆಚ್ಚಾಯಿತೇನೋ, ಸೋಡಾ ವಾಸನೆಯೇನೋ ಎಂದು ನಾನು ಮತ್ತೆ ಮತ್ತೆ ಸುಟ್ಟೆ. ಅತ್ತೆ ತಮಾಷೆ ಮಾಡುವುದನ್ನೂ ಬಿಟ್ಟಳು. ಯಾಕೆ ಎಂದು ಕೇಳಲು ಬಾಯಿಯವರೆಗೆ ಬಂದರೂ ಕೇಳಲಿಲ್ಲ. ನನ್ನ ಕೈಯದು ಬೇಡ ಅಂದುಬಿಟ್ಟರೆ ಎಂಬ ಭಯ. ಮನೆಯಲ್ಲಿ ಈಗ ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ. ಅವಳ ಕೊರಳಿನ ಎಲುಬು ದಿನಕ್ಕಿಷ್ಟು ಎದ್ದು ಕಾಣುತ್ತಿತ್ತು.

ಸಂಗತಿ ತಿಳಿದದ್ದು ನೆರೆಮನೆಯ ಸರುಬಾಯಿಯಿಂದ. ಮಜ್ಜಿಗೆ ಕೇಳಲು ಬಂದವಳು ಬಾವಿಯ ಹತ್ತಿರ ನನ್ನನ್ನು ನಿಲ್ಲಿಸಿ ದನಿ ತಗ್ಗಿಸಿದಳು.

"ನಿಮ್ಮತ್ತಿ ನನ್ನ ಮುಂದ ಅತ್ತಾಳ. ದವಾಖಾನ್ಯಾಗ ಡಾಕ್ಟರು ಜ್ವರದ ಕಡ್ಡಿ ಆಕಿ ಬಾಯಾಗ ಇಟ್ಟು, ಒರಸಿ, ಹಂಗೇ ಮುಂದಿನಾಂವನ ಬಾಯಾಗ ಇಟ್ರಂತ. ಅಂಥದೇ ಕಡ್ಡಿ ನೀ ರೊಟ್ಟಿ ಮ್ಯಾಲ ಇಡ್ಲತ್ತಿದಿ. ಊರ ಎಂಜಲ ಲಿಂಗಕ್ಕ ಹ್ಯಾಂಗ ತೋರಿಸ್ಲಿ, ಕೂಸು ಕೈ ಸುಟ್ಕೊಂಡು ಮಾಡ್ಯಾದ, ಹ್ಯಾಂಗ ಬ್ಯಾಡನ್ಲಿ ಅಂತಾಳ."

ಅತ್ತೆಯೂ ನನ್ನ ಹಾಗೆಯೇ ಹೇಳಲಾರದೆ ಉಳಿದಿದ್ದಳು.

ಆ ಮಧ್ಯಾಹ್ನ ಕಡ್ಡಿಯನ್ನು ಕೈಯಲ್ಲಿ ಹಿಡಿದು ಹೊರಸಿನ ಹತ್ತಿರ ಕೂತೆ. ಇದು ಜ್ವರದ ಕಡ್ಡಿಯಲ್ಲ, ಕಾಲೇಜಿನದು, ಎಣ್ಣೆ ಮೇಣಗಳ ಬಿಸಿ ನೋಡುವುದು, ಯಾರ ಬಾಯಿಗೂ ಹೋಗುವಂಥದ್ದಲ್ಲ ಎಂದು ಹೇಳಿದೆ. ಅಷ್ಟು ಮಾತನ್ನು ಒಂದೇ ಉಸಿರಿನಲ್ಲಿ ನಾನು ಆ ಮನೆಯಲ್ಲಿ ಎಂದೂ ಆಡಿರಲಿಲ್ಲ.

"ಹಳೇದಂತಿ. ನಿನಗಿಂತ ಮೊದ್ಲು ಎಷ್ಟು ಹುಡುಗ್ಯಾರು ಹಿಡಿದಾರೋ. ಯಾರ ಬಾಯಾಗ ಹೋಗಿಲ್ಲಂತ ನೀ ಕಣ್ಲೆ ನೋಡಿದಿ ಏನು?"

ಹೌದು ಅನ್ನಬಹುದಿತ್ತು. ಅನ್ನಲಾಗಲಿಲ್ಲ, ಅವಳ ಅಂಗೈಯಲ್ಲಿ ಲಿಂಗವಿತ್ತು. ಇಲ್ಲ ಅತ್ತೀ ಅಂದೆ. ಕಡ್ಡಿ ತೆಗೆದುಬಿಡುತ್ತೇನೆ, ಅಂದಾಜಿನ ಮೇಲೆ ಸುಡುತ್ತೇನೆ, ಕರಕಲಾದದ್ದನ್ನು ನಾನು ತಿನ್ನುತ್ತೇನೆ ಅಂದೆ.

ಅವಳು ನನ್ನ ಬೆರಳಿನ ಸುಟ್ಟ ಬೊಕ್ಕೆಗಳನ್ನು ನೋಡಿದಳು.

"ತೊಳಕೊಂಡು ಬಾ," ಅಂದಳು. "ತೊಳದು ನಿನ್ನ ಬಾಯಾಗ ಇಟ್ಕೋ. ನನ್ನ ಮುಂದ."

ಏನೂ ತಿಳಿಯದೆ ಅವಳ ಮುಖ ನೋಡಿದೆ.

"ಇನ್ನೊಬ್ಬರದು ತೊಳದ್ರ ಹೋತು. ಆಮ್ಯಾಗ ನಿಂದೊಂದೇ. ನೀ ಉಗುಳಿದ ತುತ್ತ ತಿಂದು ನಿನ್ನ ಬೆಳಸೀನಿ. ಆಗ ಲಿಂಗ ಇದೇ ಕೊಳ್ಳಾಗೇ ಇತ್ತು. ಅದಕ್ಕ ಗೊತ್ತದ. ನಿನ್ನ ಎಂಜಲ ನನಗ ಎಂಜಲಲ್ಲ."

ಕಡ್ಡಿಯನ್ನು ಬೂದಿಯಿಂದ ಉಜ್ಜಿ, ಹುಣಸೆ ಹಣ್ಣಿನಿಂದ ಉಜ್ಜಿ, ಬಿಸಿನೀರಿನಲ್ಲಿ ತೊಳೆದೆ. ಅತ್ತೆಯ ಎದುರು ಕೂತು ಬಾಯಲ್ಲಿಟ್ಟುಕೊಂಡೆ. ಇನ್ನೂರರವರೆಗೆ ಏರುತ್ತಿದ್ದ ಪಾದರಸ ನನ್ನ ಬಾಯಲ್ಲಿ ತಳದಲ್ಲೇ ನಿಂತಿತ್ತು. ಮನುಷ್ಯರ ಮೈಬಿಸಿ ಇಷ್ಟೇನೇ ಅನ್ನಿಸಿತು. ಅತ್ತೆ ಎಲ್ಲೂ ನೋಡದೆ ನನ್ನನ್ನೇ ನೋಡುತ್ತಿದ್ದಳು. ಸಾಕು ಎಂದು ಅವಳೇ ಹೇಳಿದಳು.

ರೊಟ್ಟಿ ಬೆಂದಿತು. ಹಾಲಲ್ಲಿ ನೆನೆಸಿ ತಂದೆ. ಲಿಂಗಕ್ಕೆ ತೋರಿಸುವಾಗ ಅವಳ ತುಟಿ ಮಾಮೂಲಿಗಿಂತ ಹೆಚ್ಚು ಹೊತ್ತು ಅಲುಗಿತು; ಏನು ಹೇಳಿಕೊಂಡಳೋ ನನಗೆ ಕೇಳಲಿಲ್ಲ. ಮೊದಲ ತುತ್ತನ್ನು ವಸಡಿನಲ್ಲಿ ಆ ಕಡೆ ಈ ಕಡೆ ಆಡಿಸಿ, ಅಗಿದಂತೆ ಮಾಡಿ, ಕಣ್ಣು ಮುಚ್ಚಿ ನುಂಗಿದಳು. ಉಪ್ಪು ಕಡಿಮೆ ಅಂದಳು. ಬಟ್ಟಲು ಖಾಲಿ ಮಾಡಿ, ತಳದ ಹಾಲನ್ನೂ ಕುಡಿದು, ಅಲ್ಲೇ ನಿದ್ದೆ ಹೋದಳು. ಉಂಡು ಮಲಗಿದವರ ಉಸಿರು ಬೇರೆ. ಅದನ್ನು ಕೇಳುತ್ತ ಎಷ್ಟೋ ಹೊತ್ತು ಕೂತಿದ್ದೆ. ಅವಳು ಉಂಡದ್ದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು. ರಾಯಚೂರು, ವರಂಗಲ್ಲು ನೆನಪಾದವು. ಅಲ್ಲಿ ಯಾರಿಗೆ ಏನೆಂದು ಹೇಳುವುದು?

ದೀಪ ಹಚ್ಚುವ ಹೊತ್ತಿಗೆ ಅಪ್ಪ ಬಂದು ಕಾಲು ತೊಳೆದರು. ನಾನು ಟವೆಲು ಹಿಡಿದು ನಿಂತೆ. ಅವರು ಕೇಳದೆ ನಾನು ಅವರೊಡನೆ ಮಾತಾಡಿದ್ದು ಅಪರೂಪ.

"ಅಪ್ಪಾ, ಅತ್ತಿ ಇವತ್ತ ಉಂಡಳ್ರೀ."

ಅಪ್ಪ ಮುಖ ಒರೆಸಿಕೊಂಡು, ಹೂಂ ಎಂದು, ಟವೆಲು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ನಾನು ಅದನ್ನು ಹಗ್ಗದ ಮೇಲೆ ಹರವಿ, ನಾಳೆಯ ಹಿಟ್ಟಿಗೆ ಮಜ್ಜಿಗೆಯನ್ನು ಹುಳಿಗಿಡಲು ಅಡುಗೆಮನೆಗೆ ಹೋದೆ.