ಮಿಂಚೊ ಅಜ್ಜನ ಮಡೆ

ಮಿಂಚೊ ಅಜ್ಜನ ಬಲ ಶ್ವಾಸಕೋಶದಲ್ಲಿ ಗಡ್ಡೆ. ಅದನ್ನು ತೆಗೆಯುವಾಗ ಆ ಕಡೆಗೆ ಗಾಳಿ ನಿಲ್ಲಿಸಿ, ಎಡಗಡೆಯದೊಂದರಿಂದಲೇ ಉಸಿರಾಡಿಸಬೇಕು. ಆ ಕೆಲಸ ನನ್ನದು. ಪ್ಲೊವ್ದಿವ್ ಊರಿನ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷದಿಂದ ಅರಿವಳಿಕೆ ಕೊಟ್ಟು ಜನರನ್ನು ಮಲಗಿಸಿ ಎಬ್ಬಿಸುತ್ತಿದ್ದೇನೆ. ಸ್ವಲ್ಪ ಸೊಕ್ಕೂ ಬಂದಿತ್ತು.

ಮರಿತ್ಸಾ ಹೊಳೆ ದಂಡೆಯಲ್ಲಿ ದೊಣ್ಣೆಮೆಣಸಿನಕಾಯಿ ಬೆಳೆಯುವ ಮುದುಕ, ಮೂಗಿಗೆ ಮಾಸ್ಕ್ ಇಡುವವರೆಗೂ ಬಾಯಿ ಮುಚ್ಚಲಿಲ್ಲ.

"ಸ್ನೆಝಾನಾ, ಮಗಳೇ, ನನ್ನ ಸೊಸೆಗೆ ಮಡೆ ಕಟ್ಟಿ ನೀರು ತಿರುಗಿಸೋಕೇ ಬರಲ್ಲ ನೋಡು. ಗಿಡ ಇರೋ ಪಾತಿಗೂ ನೀರು, ಇಲ್ಲದ ಪಾತಿಗೂ ನೀರು. ಗಿಡ ಇಲ್ಲದ ಕಡೆ ಮಣ್ಣು ಹಾಕಿ ಮುಚ್ಚಬೇಡ್ವಾ?"

"ಆಯ್ತಜ್ಜ, ಈಗ ಮಲಗಿ. ಎದ್ದಮೇಲೆ ಸೊಸೇನ ಬಯ್ಯುವಿರಂತೆ."

ಎದೆ ತೆರೆದು ಅರ್ಧ ಗಂಟೆಗೆ ರಕ್ತದೊತ್ತಡ ಏರಿತು. ರೂಢಿಯಂತೆ ಅರಿವಳಿಕೆ ಅನಿಲ ಹೆಚ್ಚಿಸಿದೆ. ನಮ್ಮಲ್ಲಿ ಎಲ್ಲರೂ ಮಾಡುವುದು ಅದನ್ನೇ. ಒತ್ತಡ ಇಳಿಯಿತು; ಸ್ವಲ್ಪ ಹೊತ್ತಿಗೆ ರಕ್ತದ ಆಮ್ಲಜನಕವೂ ಇಳಿಯತೊಡಗಿತು. ತೊಂಬತ್ತೊಂದು. ಎಂಬತ್ತೆಂಟು. ಎಂಬತ್ತೈದು. ಉಸಿರಿನ ಕೊಳವೆ ಸರಿಯಾಗಿತ್ತು, ಆಮ್ಲಜನಕ ಪೂರ್ತಿ ಬಿಟ್ಟಾಗಿತ್ತು.

"ಏನಮ್ಮಾ, ನೀನೂ ನಿದ್ದೆ ಹೋದ್ಯಾ?" ಎಂದು ಶಸ್ತ್ರವೈದ್ಯ ವೆಲ್ಕೊವ್ ಗದರಿದ. "ಆಮ್ಲಜನಕ ಏರಿಸೋಕೆ ಅಂತ ಬಲಗಡೆ ಗಾಳಿ ತುಂಬಿದ್ರೆ ಗಡ್ಡೆ ತೆಗೆಯೋಕಾಗಲ್ಲ. ಹಾಗೇ ಹೊಲಿದು ಕಳಿಸ್ಬೇಕಾಗತ್ತೆ."

ಗಿಡ ಇಲ್ಲದ ಪಾತಿಗೂ ನೀರು. ಅಜ್ಜನ ಮಾತು ಆಗ ತಲೆಗೆ ಹೊಕ್ಕಿತು. ಗಾಳಿಯಿಲ್ಲದ ಶ್ವಾಸಕೋಶ ತನ್ನ ರಕ್ತನಾಳಗಳನ್ನು ತಾನೇ ಬಿಗಿಹಿಡಿದು, ರಕ್ತವನ್ನು ಗಾಳಿಯಿರುವ ಕಡೆಗೆ ತಿರುಗಿಸುತ್ತದೆ. ಅರಿವಳಿಕೆ ಅನಿಲ ಹೆಚ್ಚಾದರೆ ಆ ಬಿಗಿ ಸಡಿಲವಾಗಿ, ರಕ್ತ ಗಾಳಿಯಿಲ್ಲದ ಕಡೆಗೂ ಸುಮ್ಮನೆ ಹರಿಯುತ್ತದೆ. ಇದನ್ನು ಓದಿದ್ದೆ, ಬೇರೆಯವರಿಗೆ ಪಾಠವನ್ನೂ ಹೇಳಿದ್ದೆ. ಮಡೆ ಒಡೆದವಳು ನಾನೇ!

"ಐದು ನಿಮಿಷ ಕೊಡು," ಎಂದೆ. ನಿದ್ದೆಯ ಔಷಧಿಯನ್ನು ತೋಳಿನ ನಾಳಕ್ಕೆ ಹರಿಸಿ, ಅನಿಲ ನಿಲ್ಲಿಸಿದೆ. ವೆಲ್ಕೊವ್ ಗೊಣಗುತ್ತಲೇ ಕೈ ತಡೆದ.

ಎಂಬತ್ತೈದು ಹಾಗೇ ನಿಂತಿತ್ತು. ದೇವರೇ, ಎಂದೆ; ಸುಮ್ಮಸುಮ್ಮನೆ ದೇವರನ್ನು ಕರೆಯುವವಳಲ್ಲ ನಾನು. ಎಂಬತ್ತೇಳು. ತೊಂಬತ್ತು. ತೊಂಬತ್ತನಾಲ್ಕು. ವೆಲ್ಕೊವ್ ಕತ್ತರಿ ಎತ್ತಿಕೊಂಡ. ಗಡ್ಡೆ ಪೂರ್ತಿ ಬಂತು.

ಮೂರನೆಯ ದಿನ ಅಜ್ಜನ ಮಂಚದ ಹತ್ತಿರ ಕೂತು ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಹೇಳದಿದ್ದರೆ ಊಟ ಸೇರುತ್ತಿರಲಿಲ್ಲ.

"ತಪ್ಪು ನಂದೇ ಅಜ್ಜ. ನಿಮ್ಮ ಮೈ ಕಟ್ಟಿದ್ದ ಮಡೇನ ನಾನೇ ಬಿಚ್ಚಿದ್ದೆ."

ಅಜ್ಜ ಮೊಸರಿನ ಬಟ್ಟಲು ಪಕ್ಕಕ್ಕಿಟ್ಟು, ಬಾಗಿಲಲ್ಲಿ ನಿಂತಿದ್ದ ಸೊಸೆಯನ್ನು ಕೂಗಿದ. ನಕ್ಕರೆ ಹೊಲಿಗೆ ಎಳೆಯುತ್ತದೆಂದು ಎದೆ ಹಿಡಿದುಕೊಂಡೇ ನಗುತ್ತಿದ್ದ.

"ಏ ದೋನಾ, ಬಾರೇ ಇಲ್ಲಿ. ಇನ್ನು ನಿನ್ನ ಬಯ್ಯಲ್ಲ ಕಣೇ. ಇಷ್ಟು ಓದಿದ ಡಾಕ್ಟರಮ್ಮನೇ ಮಡೆ ಕಟ್ಟೋದನ್ನ ಮೊನ್ನೆ ಕಲಿತಿದ್ದಾಳೆ!"