ವಾಸನೆಸೋಪಿನ ಮರಿ

ಸುರಪುರದ ಗಂಡನ ಮನೆಯಿಂದ ಗೋಗಿಯ ತವರಿಗೆ ಬಾಣಂತನಕ್ಕೆ ಬಂದಿದ್ದ ಮಹಾನಂದಾಳ ಎದೆ ಹಾಲು ಕಟ್ಟಿ ಕಲ್ಲಾಗಿತ್ತು. ಹೆತ್ತು ವಾರವಾದರೂ ಕೂಸು ಮಾತ್ರ ಎದೆಗೆ ಒಡ್ಡಿದ್ದೇ ತಡ, ಮುಖ ತಿರುವಿ ಕಿರುಚುತ್ತಿತ್ತು. ಹಿಂಡಿದ ಹಾಲನ್ನು ಚಮಚೆಯಲ್ಲಿ ಕುಡಿಸುವುದೇ ಆಗಿತ್ತು. ಅದೇ ಕೂಸು ಅಜ್ಜಿಯ ತೊಡೆ ಸಿಕ್ಕರೆ ಗಪ್‌ಚಿಪ್.

"ಕೂಸಿಗಿ ನಾ ಬ್ಯಾಡಾಗೀನವ್ವ," ಎಂದಳು ಮಹಾನಂದಾ.

"ಹುಚ್ಚಿ! ಸಂಜಿತನಕ ನೋಡೂಣು. ಇಲ್ಲಂದ್ರ ಆಡಿನ ಹಾಲು ಅದಾವಲ್ಲ," ಎಂದಳು ತಾಯಿ ಗುರುಲಿಂಗಮ್ಮ.

ಆಡಿನ ಹಾಲೆಂದದ್ದೇ ಮಹಾನಂದಾ ಗೋಡೆಯತ್ತ ಮುಖ ತಿರುಗಿಸಿದಳು. ಇನ್ನೊಂದು ಮಾತಿತ್ತು, ಅದನ್ನು ಹೆತ್ತವ್ವನ ಮುಂದೆಯೂ ಆಡುವಂತಿರಲಿಲ್ಲ. ಕೂಸನ್ನು ಎತ್ತಿಕೊಂಡರೆ ಅವಳಿಗೆ ನೆರೆಮನೆಯವರ ಕೂಸನ್ನು ಎತ್ತಿಕೊಂಡಂತೆ ಅನಿಸುತ್ತಿತ್ತು.

ಹೊರಗೆ ಹಟ್ಟಿಯಲ್ಲಿ ಆಗಷ್ಟೇ ಈದ ಕುರಿಯೊಂದು ಗುರುಗುಡುತ್ತಿತ್ತು. ಕಿಟಕಿಯಿಂದ ನೋಡಿದಳು. ಒದ್ದೆ ಮರಿ ತಡವರಿಸುತ್ತ ಕೆಚ್ಚಲು ಹುಡುಕುತ್ತಿದ್ದರೆ, ತಾಯಿ ಅದರ ಬಾಲದ ಬುಡ ಮೂಸಿ, ನೆಕ್ಕಿ, ಮತ್ತೆ ಮೂಸಿ, ಆಮೇಲೆ ಕಾಲು ಅಗಲಿಸಿ ನಿಂತಿತು.

ಅಷ್ಟು ಸಾಕಾಯಿತು. ಸಣ್ಣವಳಿದ್ದಾಗ ಇಂಥದೇ ಮರಿಯೊಂದನ್ನು, ಹೊಲಸಾಗಿದೆಯೆಂದು, ವಾಸನೆಸೋಪು ಹಚ್ಚಿ ಚಂದ ಮಾಡಿ ತೊಳೆದಿದ್ದಳು. ತಾಯಿಕುರಿ ಅದನ್ನು ಹಾಯ್ದು ಹಾಯ್ದು ಕೆಡವಿತ್ತು. ಅಪ್ಪ ಬಸವಣ್ಣ ಬೈದಿರಲಿಲ್ಲ. ಮರಿಯ ಮೈಗೆ ಉಪ್ಪು ಸವರಿ, ಕುರಿ ಉಪ್ಪಿನಾಸೆಗೆ ನೆಕ್ಕಿ ನೆಕ್ಕಿ ಮರಿಯನ್ನು ತನ್ನದು ಮಾಡಿಕೊಳ್ಳುವ ತನಕ ಪಕ್ಕದಲ್ಲೇ ಕುಂತಿದ್ದ. "ಅದರ ಮನಸು ಕೆಟ್ಟದ್ದಲ್ಲ ತಂಗಿ, ಗುರುತು ಹತ್ತಲಿಲ್ಲ ಅಷ್ಟ," ಅಂದಿದ್ದ.

ಅಷ್ಟರಲ್ಲಿ ಕೂಸು ಎರೆಯುವ ಮಲ್ಲಾಬಾಯಿ ಸೆರಗು ಸಿಗಿಸಿಕೊಂಡು ಬಂದಳು. ದಿನವೂ ಅವಳು ಎಣ್ಣೆ ತಿಕ್ಕಿ, ಸುಡುನೀರು ಸುರಿದು, ಪೌಡರ್ ಬಳಿದು, ಲೋಬಾನದ ಹೊಗೆ ಹಾಕಿ ಕೈಗಿಡುತ್ತಿದ್ದ ಗಂಟನ್ನೇ ಮಹಾನಂದಾ ಎದೆಗೆ ಒಡ್ಡುತ್ತಿದ್ದಳು. ಮೂಸಿದರೆ ಅಂಗಡಿಯ ವಾಸನೆ.

"ಇವತ್ತ ಎರಿಯೂದು ಬ್ಯಾಡ್ರಿ, ಆಯಿ."

"ಅಯ್ಯ! ನಿನ್ನೂ ನಾನ ಎರದೀನಿ, ನಿಮ್ಮವ್ವನ್ನೂ ನಾನ ಎರದೀನಿ. ವಾರದ ಬಾಣಂತಿ ನನಗ ಶಾಣ್ಯಾತನ ಕಲಸ್ತಾಳ!"

"ನಾಕ ದಿನ ಬ್ಯಾಡ್ರಿ. ಪೌಡರೂ ಬ್ಯಾಡ, ಹೊಗೀನೂ ಬ್ಯಾಡ. ಕೂಸಿನ್ನ ಇಲ್ಲಿ ಕೊಡ್ರಿ."

ಮಗಳ ದನಿ ಕೇಳಿ ಗುರುಲಿಂಗಮ್ಮನೇ ಕಣ್ಣರಳಿಸಿದಳು. ಈ ಹುಡುಗಿ ನಿನ್ನೆಯವರೆಗೆ ನೀರು ಕುಡಿಯಲೂ ಕೇಳಿ ಕುಡಿಯುತ್ತಿದ್ದಳು. ತಾನೇ ಕೂಸಿನ ಬಟ್ಟೆ ಬಿಚ್ಚಿ ಮಗಳ ಕೈಗೆ ಕೊಟ್ಟಳು.

ಮಹಾನಂದಾ ಅದನ್ನು ಬರಿಮೈಯಲ್ಲೇ ಎದೆಗೆ ಒರಗಿಸಿಕೊಂಡು, ಮೇಲೆ ಹಳೆಯ ಕೌದಿ ಎಳೆದುಕೊಂಡಳು. ಕೂಸು ಮೊದಲು ಕಿರುಚಿತು. ಅವಳು ಅಲುಗಲಿಲ್ಲ. ಮಧ್ಯಾಹ್ನ ಜಾರುವ ಹೊತ್ತಿಗೆ ಇಬ್ಬರ ಬೆವರೂ ಒಂದಾಗಿತ್ತು. ನೆತ್ತಿ ಮೂಸಿದಳು: ಹಾಲು, ಹುಳಿ, ಬೆಚ್ಚಗಿನ ಏನೋ ಒಂದು. ಮತ್ತೆ ಮೂಸಿದಳು. ಕೂಸು ತಲೆ ಆಡಿಸಿತು, ಮೂಗು ತಿಕ್ಕಿತು, ಹುಡುಕಿತು. ಹಿಡಿಯಿತು. ನೋವಿಗೆ ಅವಳ ಕಾಲ್ಬೆರಳುಗಳು ಮುದುಡಿಕೊಂಡವು. ಕಣ್ಣಲ್ಲಿ ಮಾತ್ರ ನೀರು, ನಗು ಎರಡೂ.

ಹಟ್ಟಿಯಿಂದಲೇ ಎಲ್ಲ ಕೇಳಿಸಿಕೊಂಡಿದ್ದ ಬಸವಣ್ಣ, ಒಳಗಿನ ಅಳು ಅಡಗಿದ್ದೇ ಬಾಗಿಲಾಚೆಯಿಂದ ಕೂಗಿದ: "ತಂಗಿ, ಉಪ್ಪು ತರ್ಲೇನು?"

"ಒದರಬ್ಯಾಡಪ್ಪ," ಎಂದಳು ಮಹಾನಂದಾ, "ನನ್ನ ಮಗ ಉಣ್ಣಾಕತ್ತಾನ."