ಸಮಾಧಾನದ ಸರದಿ

ಮಾರ್ಚ್ ಹದಿನಾಲ್ಕು, ಭಾನುವಾರ. ಆರಾಧನೆಗೆ ಬಂದವರು ಎಂಬತ್ತೇಳು ಮಂದಿ. ಅವರಲ್ಲಿ ನಾಲ್ವರು ಪ್ರಸಂಗದ ವೇಳೆ ನಿದ್ರಿಸಿದರು. ಆದರೂ ಬಂದವರ ಲೆಕ್ಕದಿಂದ ಅವರನ್ನು ಕಳೆಯುವಂತಿಲ್ಲ.

ಎಣಿಸಿದವರು ಕಾಂಪೌಂಡರು. ಆಸ್ಪತ್ರೆಯ ಔಷಧದ ಕಿಟಕಿಯ ಹಿಂದೆ ನಿಂತೇ ಆಯುಷ್ಯ ಸವೆಸಿ ನಿವೃತ್ತರಾದ ಈ ಸಭಾಹಿರಿಯರಿಗೆ, ಯಾರನ್ನು ಕಂಡರೂ ‘ನಾಲಿಗೆ ಚಾಚಿ’ ಎನ್ನಬೇಕೆನಿಸುತ್ತಿತ್ತು. ಹೀಗಿರುವಾಗ, ಹೊಸದಾಗಿ ಬಂದ ಸಭಾಪಾಲಕರು ಅಂದು ಮಧ್ಯಾಹ್ನ ಹಿರಿಯರ ಕೂಟ ಕರೆದು, "ನಮ್ಮ ಸಭೆ ಆರೋಗ್ಯವಾಗಿದೆಯಾ ಅಂತ ಒಮ್ಮೆ ಪರೀಕ್ಷೆ ಮಾಡೋಣ" ಎಂದದ್ದು, ಹಸಿದವನನ್ನು ಪಂಕ್ತಿಗೆ ಕರೆದಂತಾಯಿತು.

ಮೊದಲು ಬಾಯಿ ತೆರೆದವನು ಇನ್ನೊಬ್ಬ ಹಿರಿಯನಾದ ಬೇಕರಿಯವನು. "ಹಾಡನ್ನ ಹಿಟ್ಟು ನಾದಿದ ಹಾಗೆ ಎಳೀತಾರೆ. ಬೆಂಚು ಅಲುಗಾಡುತ್ತೆ. ಮುಂದಿನ ಎರಡು ಸಾಲು ಖಾಲಿ, ಹಿಂದೆ ನೂಕುನುಗ್ಗಲು. ಪ್ರಸಂಗ..." ಎಂದು ಸಭಾಪಾಲಕರ ಮುಖ ನೋಡಿ, "ಪ್ರಸಂಗ ಪರವಾಗಿಲ್ಲ" ಎಂದು ಮುಗಿಸಿದ.

ಕಾಂಪೌಂಡರಿಗೆ ರೇಗಿತು. "ದೂರುವುದಕ್ಕೆ ಕಾಸು ಖರ್ಚಿಲ್ಲ. ಒಂದು ಕಟ್ಟುಪಾಡು ಮಾಡಿ, ಅಯ್ಯನವರೇ. ರೋಗ ಪತ್ತೆ ಮಾಡಿದವನೇ ಅದನ್ನ ಗುಣಪಡಿಸಬೇಕು. ಆಗದಿದ್ದರೆ ಹಿರಿಯತನ ಬಿಟ್ಟು ಹಿಂದಿನ ಬೆಂಚಿಗೆ ಹೋಗಲಿ."

ಕಟ್ಟು ಒಪ್ಪಿತವಾಯಿತು. ಬೇಕರಿಯವನಿಗೆ ಬೆಂಚುಗಳ ರಿಪೇರಿ ಗಂಟುಬಿತ್ತು. ಹಿರಿಯತನವೆಂದರೆ ಪ್ರಾಣವಾಗಿದ್ದ ಕಾಂಪೌಂಡರು ಮಾತ್ರ ತಮಗೆ ತಕ್ಕ ದೊಡ್ಡ ರೋಗವೊಂದನ್ನು ಹುಡುಕುತ್ತ ಹೊರಟರು.

ಅವರು ಪರೀಕ್ಷಿಸದೆ ಬಿಟ್ಟ ರೋಗಿ ಒಬ್ಬಳಿದ್ದಳು: ಅವರ ಸ್ವಂತ ತಂಗಿ. ಬಟ್ಟೆ ಹೊಲಿದು ಜೀವನ ಸಾಗಿಸುವ ಆಕೆ ಎಡಸಾಲಿನ ಮೂರನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಒಂಬತ್ತು ವರ್ಷಗಳ ಹಿಂದೆ ಆಕೆಯ ಗಂಡನ ಶವಸಂಸ್ಕಾರದ ಆರಾಧನೆಯಲ್ಲಿ, ನಾಲ್ಕು ಗಂಟೆಗೆ ಅಲ್ಲೇ ಒಂದು ಮದುವೆಯಿದೆಯೆಂದು, ಗಡಿಯಾರದ ಉಸ್ತುವಾರಿ ಹೊತ್ತಿದ್ದ ಕಾಂಪೌಂಡರು ಕೊನೆಯ ಹಾಡನ್ನು ಕೈಸನ್ನೆಯಿಂದ ನಿಲ್ಲಿಸಿದ್ದರು. ಅದು ಸತ್ತವನು ತಾನೇ ಆರಿಸಿಟ್ಟಿದ್ದ ಹಾಡು. ಅಂದಿನಿಂದ ಅಣ್ಣ ತಂಗಿಯರ ನಡುವೆ ಮಾತಿಲ್ಲ. ‘ಅದು ಮನೆ ವಿಷಯ, ಸಭೆಯ ವಿಷಯವಲ್ಲ’ ಎಂದು ಕಾಂಪೌಂಡರು ಬಹಳ ಹಿಂದೆಯೇ ತೀರ್ಮಾನಿಸಿದ್ದರು.

ಎರಡನೆಯ ಕೂಟಕ್ಕೆ ಅವರು ಗೆದ್ದವರಂತೆ ಬಂದರು. "ಸಿಕ್ಕಿತು! ನಮ್ಮ ಪ್ರಾರ್ಥನಾಕ್ರಮದ ಪುಸ್ತಕದ ಪ್ರಕಾರ ಮೊದಲು ಎಲ್ಲರೂ ಕೈಕುಲುಕಿ ‘ಸಮಾಧಾನ ನಿಮ್ಮ ಸಂಗಡ ಇರಲಿ’ ಅಂತ ಸಮಾಧಾನ ಹೇಳಬೇಕು, ಆಮೇಲೆ ಕಾಣಿಕೆ ಎತ್ತಬೇಕು. ಮುನಿಸು ಕಳೆದ ಕೈಯೇ ಕಾಣಿಕೆ ಇಡಬೇಕು ಅಂತ ಅದರ ಅರ್ಥ. ನಮ್ಮಲ್ಲಿ ತಲೆಕೆಳಗು! ನಾನು ಕಾಣಿಕೆ ಚೀಲ ಹಿಡಿದು ಪಕ್ಕದ ಕೋಣೆಗೆ ಎಣಿಸೋದಕ್ಕೆ ಹೋದಮೇಲೆ ಇಲ್ಲಿ ಕೈಕುಲುಕುತ್ತಾರೆ. ಯಾವ ಪುಣ್ಯಾತ್ಮ ಮಾಡಿದ ಕೆಲಸ ಇದು?"

ಬೇಕರಿಯವನಿಗೆ ಚಹಾ ನೆತ್ತಿಗೇರಿತು. ಕೆಮ್ಮು ನಿಂತಮೇಲೆ, "ಕಾಂಪೌಂಡರ್ ಸಾರ್, ಅದೊಂದು ಹಾಗೇ ಇರಲಿ ಬಿಡಿ" ಎಂದ.

"ಯಾಕೆ?"

"ಹೀಗೇ. ಅಭ್ಯಾಸ ಆಗಿಹೋಗಿದೆ. ಬೇಕಾದರೆ ಇನ್ನೂ ಎರಡು ಬೆಂಚು ನಾನೇ ಮಾಡಿಸಿಕೊಡ್ತೀನಿ."

ಏನೊಂದೂ ತಿಳಿಯದ ಸಭಾಪಾಲಕರು ಸಂತೋಷದಿಂದ, "ಹಿರಿಯರು ಹೇಳೋದು ಸರಿ. ಪತ್ತೆ ಮಾಡಿದವರು ನೀವು, ಔಷಧವೂ ನಿಮ್ಮದೇ. ಮುಂದಿನ ಭಾನುವಾರದಿಂದ ಮೊದಲು ಸಮಾಧಾನ" ಎಂದುಬಿಟ್ಟರು.

ಕಾಂಪೌಂಡರು ಮನೆಗೆ ಬಂದು ಹೆಂಡತಿಯ ಮುಂದೆ ವಿಜಯವಾರ್ತೆ ಅರುಹಿದರು. ಕಾಳು ಆರಿಸುತ್ತಿದ್ದ ಆಕೆ ಮೊರವನ್ನು ಕೆಳಗಿಟ್ಟಳು.

"ರೀ, ಅದನ್ನ ತಿರುಗಿಸಿದ್ದು ಯಾಕೆ ಅಂತ ನಿಜವಾಗಿ ಗೊತ್ತಿಲ್ವಾ ನಿಮಗೆ?"

"ಯಾಕೆ?"

"ನಿಮಗೋಸ್ಕರ! ನಿಮ್ಮ ತಂಗಿ ಗಂಡನ ಸಾವಾದ ಮೇಲಿನ ಭಾನುವಾರಗಳಲ್ಲಿ ನೀವು ಎಲ್ಲರಿಗೂ ಕೈಕೊಡ್ತಾ ಬಂದು, ಮೂರನೇ ಬೆಂಚಿನ ಹತ್ತಿರ ಕಂಬದ ಹಾಗೆ ನಿಂತುಬಿಡ್ತಿದ್ರಿ. ಅವಳು ಕಿಟಕಿ ನೋಡೋಳು, ನೀವು ಸೂರು ನೋಡೋರು. ಹಿಂದೆ ಬರೋರಿಗೆ ದಾರಿನೇ ಇಲ್ಲ. ನೋಡಿ ನೋಡಿ ಸಾಕಾಗಿ, ಹಳೇ ಅಯ್ಯನವರು ನಿಮ್ಮ ಕೈಗೆ ಕಾಣಿಕೆ ಚೀಲ ಕೊಟ್ಟು ಒಳಗೆ ಕಳಿಸಿದರು. ನೀವು ಆ ಕಡೆ, ಸಮಾಧಾನ ಈ ಕಡೆ. ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ."

"ಸಭೆಗೆಲ್ಲ ಗೊತ್ತಾ?"

"ತೊಟ್ಟಿಲಲ್ಲಿರೋ ಮಕ್ಕಳನ್ನ ಬಿಟ್ಟು."

ಕಾಂಪೌಂಡರು ಮೊರದ ಪಕ್ಕದಲ್ಲೇ ಕುಳಿತುಬಿಟ್ಟರು. ಎಂಬತ್ತಕ್ಕೂ ಹೆಚ್ಚು ಕೈಗಳು ಇಷ್ಟು ವರ್ಷ ತಮ್ಮೊಬ್ಬರ ಮುನಿಸಿನ ಸುತ್ತ ಬಳಸಿಕೊಂಡು ಹೋಗಿದ್ದವು. ಯಾರೂ ಚಕಾರವೆತ್ತಿರಲಿಲ್ಲ. ಆ ದಾಕ್ಷಿಣ್ಯವು ಬೈಗುಳಕ್ಕಿಂತ ಖಾರವಾಗಿತ್ತು.

"ಅಯ್ಯನವರಿಗೆ ಹೇಳಿ ಹಿಂದಕ್ಕೆ ತಗೊಳ್ಳಲಾ?" ಎಂದರು ಕೊನೆಗೆ.

"ತಗೊಳ್ಳಿ. ನಿಮ್ಮದೇ ಕಟ್ಟು ಅಲ್ವಾ? ಹಿಂದಿನ ಬೆಂಚಲ್ಲಿ ಗಾಳಿ ಚೆನ್ನಾಗಿ ಬರುತ್ತೆ."

ಭಾನುವಾರ ಬಂತು. "ಒಬ್ಬರಿಗೊಬ್ಬರು ಸಮಾಧಾನ ಹೇಳಿರಿ" ಎಂದು ಸಭಾಪಾಲಕರು ಕರೆ ಕೊಟ್ಟಾಗ ಕಾಂಪೌಂಡರ ಕೈಯಲ್ಲಿ ಚೀಲವಿರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂಬುದೇ ಅವರಿಗೆ ತಿಳಿಯದಾಯಿತು. ಅವರು ಬಲಸಾಲನ್ನು ಮುಗಿಸಿದರು. ಎಡಸಾಲಿನ ಹಿಂದಿನಿಂದ ಆರಂಭಿಸಿದರು. ಉಳಿದವರೆಲ್ಲ ಕೈಕುಲುಕಿ ಮುಗಿಸಿಯೂ ಕೂರಲೊಲ್ಲರು. ಬೇಕರಿಯವನು ಪಕ್ಕದವನಿಗೇ ಮೂರು ಸಲ ಸಮಾಧಾನ ಹೇಳಿದ; ಕಣ್ಣು ಮಾತ್ರ ಮೂರನೆಯ ಬೆಂಚಿನ ಮೇಲಿತ್ತು. ಅಂದು ನಿದ್ರಿಸಿದವರು ಒಬ್ಬರೂ ಇಲ್ಲ.

ಮೂರನೆಯ ಬೆಂಚಿನ ತುದಿಯಲ್ಲಿ ತಂಗಿ ನಿಂತಿದ್ದಳು. ಬೆರಳಿನಲ್ಲಿ ಸೂಜಿ ಚುಚ್ಚಿದ ಕಲೆಗಳು. ತಲೆಯಲ್ಲಿ ಅವರು ಕಂಡಿರದಷ್ಟು ನರೆ. ಕಾಂಪೌಂಡರು ಸೂರು ನೋಡಲಿಲ್ಲ. ಕೈ ಚಾಚಿದರು.

"ಸಮಾಧಾನ ನಿನ್ನ ಸಂಗಡ ಇರಲಿ."

ಆಕೆ ಆ ಕೈಯನ್ನು, ಅಳತೆ ತಪ್ಪಿದ ಅಂಗಿಯ ತೋಳನ್ನು ನೋಡುವಂತೆ ನೋಡಿದಳು. "ಅಲ್ಲಿಂದ ಇಲ್ಲಿಗೆ ನಡೆಯೋದಕ್ಕೆ ಒಂಬತ್ತು ವರ್ಷ ಬೇಕಾಯ್ತಾ, ಅಣ್ಣಾ?"

"ಕಾಲು ನೋವು ಕಣೇ."

"ಕಾಲಲ್ಲ, ಕತ್ತು. ಬಗ್ಗಲ್ಲ ಅದು." ಆದರೂ ಕೈ ಹಿಡಿದಳು, ಹಿಡಿದು ಬೇಗ ಬಿಡಲಿಲ್ಲ. "ನೋಡು, ಈ ಕೈ ಸಭೆಗೆ. ಸಭೆ ಚೆನ್ನಾಗಿರಲಿ ಅಂತ ಕೊಟ್ಟೆ. ಆ ಹಾಡಿನ ವಿಷಯಕ್ಕೆ ನೀನು ನನಗೆ ಹೇಳಬೇಕಾದ ಮಾತು ಬೇರೆ ಇದೆ."

ಕಾಂಪೌಂಡರ ತುಟಿ ಅಲುಗಿತು. "ತಪ್..." ಎನ್ನುವಷ್ಟರಲ್ಲಿ ಹೃದಯ ತುಂಬಿ ಬಂದ ವಾದ್ಯದವನು ಸನ್ನೆಗೂ ಕಾಯದೆ ಕಾಣಿಕೆಯ ಹಾಡನ್ನು ಶಕ್ತಿಮೀರಿ ಬಾರಿಸತೊಡಗಿದ. ಸಭೆಯೆಲ್ಲ ಒಂದೇ ಉಸಿರಿಗೆ ದನಿಗೂಡಿಸಿತು.

"ಏನಂದೆ?" ಎಂದಳು ತಂಗಿ, ಕಿವಿಗೆ ಕೈಯಿಟ್ಟು.

ಅವರು ಮತ್ತೆ ಹೇಳಿದರು. ಹಾಡು ಅದನ್ನು ನುಂಗಿತು.

"ಕೇಳಿಸಲಿಲ್ಲ! ಸಂಜೆ ಮನೆಗೆ ಬಂದು ಹೇಳು. ಅತ್ತಿಗೆಯನ್ನೂ ಕರ್ಕೊಂಡು ಬಾ, ಸಾಕ್ಷಿ ಬೇಕು ನನಗೆ."

ಆಕೆಗೆ ಕೇಳಿಸಿತ್ತೆಂದು ಕಾಂಪೌಂಡರಿಗೆ ಅನುಮಾನವಿತ್ತು. ಆದರೆ ಸಾಲ ಕೊಟ್ಟವರು ಹಣ ಮುಟ್ಟಿಲ್ಲವೆಂದಮೇಲೆ ಮುಟ್ಟಿಲ್ಲ. ಅವರು ಚೀಲ ಹಿಡಿದು ಸಾಲುಸಾಲಾಗಿ ನಡೆದರು. ಸಂಜೆಯವರೆಗೆ ಆ ಒಂದು ಮಾತು ಅವರ ತಲೆಯ ಮೇಲೆ ಬಾಕಿ ಉಳಿಯಿತು.